5ನೇ ಕ್ಲಾಸಿನ ಮಗ, ಸೈನಿಕ ಶಾಲೆಯ ಹಟ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಸಿಂಧನೂರು ಹತ್ತಿರದ ಹಳ್ಳಿ. ಮಗ ಸರ್ಕಾರಿ ಶಾಲೆಯಲ್ಲಿ 5ನೇ ಕ್ಲಾಸು, ಕನ್ನಡ ಮೀಡಿಯಂ. ಸೈನಿಕ ಶಾಲೆಗೇ ಹೋಗ್ತೀನಿ ಅಂತ ಹಟ ಹಿಡಿದಿದ್ದಾನೆ. ಇಂಗ್ಲಿಷ್ ಬರದಿದ್ದರೆ ಸುಮ್ನೆ ಕಟ್ಟಬೇಡಿ ಅಂತ ಒಂದು ಕೋಚಿಂಗ್ ಸೆಂಟರಿನವರು ಹೇಳಿದರು. ಹೌದಾ? ಎಲ್ಲಿಂದ ಶುರು ಮಾಡಲಿ?

ಉತ್ತರ (ನಿವೃತ್ತ ಸುಬೇದಾರ್, ರಾಯಚೂರು, ಈ ಪರೀಕ್ಷೆಗೆ ಮಕ್ಕಳಿಗೆ ಪಾಠ ಹೇಳುತ್ತೇನೆ): ಇಲ್ಲ ತಂಗಿ, ಧೈರ್ಯವಾಗಿ ಕಟ್ಟಿ. 6ನೇ ಕ್ಲಾಸಿಗೆ ಸೇರುವ ಪರೀಕ್ಷೆ ಕನ್ನಡದಲ್ಲೇ ಬರೆಯಬಹುದು. ಅರ್ಜಿ ತುಂಬುವಾಗ ಕನ್ನಡ ಅಂತ ಆರಿಸಿ, ಅಷ್ಟೇ. 9ನೇ ಕ್ಲಾಸಿಗೆ ಸೇರಬೇಕಾದರೆ ಇಂಗ್ಲಿಷಿನಲ್ಲೇ ಬರೆಯಬೇಕು. ಅದಕ್ಕೇ ಹೇಳೋದು, ಈ ಅವಕಾಶ ಬಿಡಬೇಡಿ. ಮಾರ್ಚ್ 31ಕ್ಕೆ ಮಗನಿಗೆ 10 ತುಂಬಿರಬೇಕು, 12 ದಾಟಿರಬಾರದು.

ಒಟ್ಟು 300 ಅಂಕದಲ್ಲಿ ಗಣಿತಕ್ಕೇ 150. ಭಾಷೆ, ಸಾಮಾನ್ಯ ಜ್ಞಾನ, ಬುದ್ಧಿಶಕ್ತಿಗೆ ತಲಾ 50. ಹಾಗಾಗಿ ದಿನಾ ಬೆಳಿಗ್ಗೆ ಒಂದು ಗಂಟೆ ಲೆಕ್ಕ ಮಾಡಿಸಿ: ಲಸಾಅ, ಮಸಾಅ, ಭಿನ್ನರಾಶಿ, ಶೇಕಡಾ, ಸರಳ ಬಡ್ಡಿ. ಉಳಿದದ್ದನ್ನೂ ಕೈಬಿಡಬೇಡಿ, ಪ್ರತಿ ವಿಷಯದಲ್ಲೂ ಕನಿಷ್ಠ ಅಂಕ ಬರಬೇಕು.

ಒಎಂಆರ್ ಹಾಳೆಯನ್ನೂ (ಉತ್ತರದ ವೃತ್ತ ಪೆನ್ನಿನಲ್ಲಿ ತುಂಬುವ ಹಾಳೆ) ರೂಢಿ ಮಾಡಿಸಿ. ನನ್ನ ಹತ್ತಿರ ಬರುತ್ತಿದ್ದ ಜಾಣ ಹುಡುಗನೊಬ್ಬ 17ನೇ ಲೆಕ್ಕ ಬಿಟ್ಟು ಮುಂದೆ ಹೋದ. 18ರ ಉತ್ತರವನ್ನು 17ರ ಸಾಲಿನಲ್ಲಿ ತುಂಬಿದ. ಅಲ್ಲಿಂದ ಕೆಳಗೆ ಎಲ್ಲವೂ ಒಂದೊಂದು ಸಾಲು ಮೇಲೆ. ಪೆನ್ನಿನಲ್ಲಿ ತುಂಬಿದ್ದು ಅಳಿಸೋಕಾಗಲ್ಲ ಅಲ್ವಾ? ಆ ಮಗು ಅತ್ತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಹಾಳೆ ಜೆರಾಕ್ಸ್ ಮಾಡಿಸಿ, ಗಡಿಯಾರ ಇಟ್ಟು, 125 ಪ್ರಶ್ನೆ ಎರಡೂವರೆ ಗಂಟೆಯಲ್ಲಿ ಮುಗಿಸೋಕೆ ಕಲಿಸಿ. ತಪ್ಪಿದರೆ ಅಂಕ ಕಳೆಯುವುದಿಲ್ಲ, ಯಾವುದನ್ನೂ ಖಾಲಿ ಬಿಡಿಸಬೇಡಿ.

ಪ್ರಶ್ನೆ: ತುಂಬಾ ಸಮಾಧಾನ ಆಯ್ತು ಸರ್. ನಮ್ಮದು 2ಎ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಕೊಡೋ 371ಜೆ ಸರ್ಟಿಫಿಕೇಟೂ ಮಾಡಿಸಿದ್ದೀವಿ. ಅದು ಸಾಕಾ?

ಉತ್ತರ: ಇಲ್ಲಿಯೇ ನಮ್ಮ ಕಡೆಯವರು ಎಡವೋದು ಜಾಸ್ತಿ. 371ಜೆ ಇಲ್ಲಿ ನಡೆಯುವುದಿಲ್ಲ. ವಿಜಯಪುರ, ಕೊಡಗಿನ ಕೂಡಿಗೆ, ಎರಡೂ ಶಾಲೆಯಲ್ಲಿ 67 ಶೇಕಡಾ ಸೀಟು ಇಡೀ ಕರ್ನಾಟಕದ ಮಕ್ಕಳಿಗೆ. 2ಎ ಅನ್ನುವುದು ರಾಜ್ಯದ ಲೆಕ್ಕ, ಇಲ್ಲಿ ಬೇಕಾಗಿರೋದು ಕೇಂದ್ರದ ಒಬಿಸಿ ಸರ್ಟಿಫಿಕೇಟು. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯಾ ಮೊದಲು ನೋಡಿ. ಇದ್ದರೆ ನಾಡಕಚೇರಿಯಲ್ಲಿ ‘ಕೇಂದ್ರದ ನಮೂನೆ’ ಅಂತ ಬಿಡಿಸಿ ಹೇಳಿ ಅರ್ಜಿ ಕೊಡಿ. ಜನನ ಪ್ರಮಾಣಪತ್ರ, ಆಧಾರ್ ಪಕ್ಕಪಕ್ಕ ಇಟ್ಟು ಹೆಸರು, ಹುಟ್ಟಿದ ದಿನ ಅಕ್ಷರ ಅಕ್ಷರ ಓದಿ. ತಪ್ಪಿದ್ದರೆ ಈಗಲೇ ತಿದ್ದಿಸಿ, ಅರ್ಜಿ ಕರೆದ ಮೇಲೆ ಓಡಾಡೋಕೆ ದಿನ ಸಾಲಲ್ಲ. ಮಗನ ಕಣ್ಣೂ ಒಮ್ಮೆ ತೋರಿಸಿ, ಪಾಸಾದ ಮೇಲೆ ಮೆಡಿಕಲ್ ಇರುತ್ತೆ.