ತೀರ್ಥಹಳ್ಳಿ–ಕುಂದಾಪುರ ರಸ್ತೆ: ಹುಲಿಕಲ್ ಘಾಟಿ ಅಗಲ ಆಗಬೇಕಾ?

ಘಟ್ಟದಕೆಳಗಿನವ: ರಾಜ್ಯ ಹೆದ್ದಾರಿ 52 ಹೆಸರಿಗಷ್ಟೇ ಹೆದ್ದಾರಿ. ಯಡೂರು, ಮಾಸ್ತಿಕಟ್ಟೆ, ಹುಲಿಕಲ್ ದಾಟಿ ಹೊಸಂಗಡಿಗೆ ಇಳಿಯುವಷ್ಟರಲ್ಲಿ ಜೀವ ಬಾಯಿಗೆ ಬರುತ್ತದೆ. ಆಗುಂಬೆಯಲ್ಲಿ ಭಾರಿ ವಾಹನ ಬಿಡುವುದಿಲ್ಲ, ಲಾರಿಗಳೆಲ್ಲ ಇಲ್ಲಿಗೇ. ಹೈದರಾಲಿ ಮಾಡಿಸಿದ ರಸ್ತೆಯನ್ನು ಇನ್ನಾದರೂ ಅಗಲ ಮಾಡಿ.

ಕೋಟೆಹುಚ್ಚ: ಹೈದರಾಲಿ ಮಾಡಿಸಿದ್ದಾ? ಅವನು ಬಿದನೂರು, ಅಂದರೆ ಈಗಿನ ನಗರ, ಹಿಡಿದದ್ದು 1763ರಲ್ಲಿ. ಅದಕ್ಕೂ ನೂರು ವರ್ಷಕ್ಕಿಂತ ಮೊದಲೇ ಅದು ಕೆಳದಿ ಅರಸರ ರಾಜಧಾನಿ. ಮೆಣಸು ಬಸ್ರೂರು ಬಂದರಿಗೆ ಹಾರಿಕೊಂಡು ಹೋಗುತ್ತಿತ್ತಾ?

ಮಲೆನಾಡಿಗ: ಬಸ್ರೂರು ಅಂದ ತಕ್ಷಣ ಇದೇ ದಾರಿ ಅಂತ ಆಗುವುದಿಲ್ಲ ಸ್ವಾಮಿ. ನಗರದಿಂದ ಕೊಲ್ಲೂರು ಕಡೆಗೂ ಇಳಿಯಬಹುದು.

ಕೋಟೆಹುಚ್ಚ: 1783ರಲ್ಲಿ ಬ್ರಿಟಿಷ್ ಸೇನಾಪತಿ ಜನರಲ್ ಮ್ಯಾಥ್ಯೂಸ್ ಕುಂದಾಪುರ ಹಿಡಿದು ಮೇಲೆ ಹತ್ತಿದ್ದು ಹೊಸಂಗಡಿ ಘಟ್ಟವನ್ನೇ. ದಾರಿಯುದ್ದಕ್ಕೂ ಕಾವಲು, ತುದಿಯಲ್ಲಿ ಹೈದರ್‌ಗಢ ಕೋಟೆ. ಕೊಲ್ಲೂರಂತೆ!

ಘಟ್ಟದಕೆಳಗಿನವ: ಹೈದರ್‌ಗಢ! ನನ್ನ ಮಾತನ್ನು ನೀವೇ ಸಾಬೀತು ಮಾಡಿದಿರಿ, ಥ್ಯಾಂಕ್ಸ್.

ಕೋಟೆಹುಚ್ಚ: ಬಿದನೂರಿಗೂ ಹೈದರ್‌ನಗರ ಅಂತ ಹೆಸರಿಟ್ಟ. ಹಾಗಾದರೆ ಊರೂ ಅವನೇ ಕಟ್ಟಿದ್ದಾ?

ಹತ್ತುಚಕ್ರ: ಇತಿಹಾಸ ಪರೀಕ್ಷೆ ಮುಗಿಯಿತಾ? ಚಂಡಿಕಾಂಬ ಗುಡಿ ಹತ್ತಿರ ಎದುರಿಗೆ ಬಸ್ಸು ಬಂದರೆ ಹಿಂದೆ ಸರಿಯಬೇಕಾದವರು ಯಾರು, ಅದನ್ನು ಹೇಳಿ. ಕೆಳಗೆ ಹೊಸಂಗಡಿಯಲ್ಲಿ 460 ಮೆಗಾವಾಟ್ ವಾರಾಹಿ ವಿದ್ಯುದಾಗಾರ, ಮೇಲೆ ಘಾಟಿಯಲ್ಲಿ ಕಗ್ಗತ್ತಲು.

ಕಾಡುಹಾದಿ: ಅಗಲ, ಅಗಲ ಅಂತ ಕೂಗಿದರೆ ಆಯ್ತಾ? ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಹುಲಿಕಲ್ ಒಂದು. ಗುಡ್ಡದ ಬುಡ ಕಡಿದರೆ ಮೇಲಿನ ಮಣ್ಣು ನೀರು ಕುಡಿದು ರಸ್ತೆಗೇ ಜಾರುತ್ತದೆ. ಮೊದಲು ಚರಂಡಿ, ತಡೆಗೋಡೆ ಸರಿಯಾಗಲಿ.

ಹತ್ತುಚಕ್ರ: ಚರಂಡಿಯಲ್ಲಿ ಲಾರಿ ಓಡಿಸಲಾ?

ಮಲೆನಾಡಿಗ: ಮ್ಯಾಥ್ಯೂಸ್ ವಿಷಯಕ್ಕೆ ಬರೋಣ. ಫಿರಂಗಿ ಎಳೆಯುವಷ್ಟು ರಸ್ತೆ ಇತ್ತು ಅಂತೀರಲ್ಲ, ದಾಖಲೆ ಎಲ್ಲಿ?

ಕೋಟೆಹುಚ್ಚ: ಫಿರಂಗಿ ಅಂತ ನಾನು ಎಲ್ಲಿ ಬರೆದೆ? ಓದಿ ಮಾತಾಡಿ. ಸೈನ್ಯ ಹತ್ತಿತು ಅಷ್ಟೇ. ನಗರವನ್ನಂತೂ ಅಲ್ಲಿನ ಆಡಳಿತಾಧಿಕಾರಿ ಅಯಾಜ್ ಖಾನ್ ಯುದ್ಧವಿಲ್ಲದೆ ಬಿಟ್ಟುಕೊಟ್ಟ.

ಮಲೆನಾಡಿಗ: ಹಾಗಾದರೆ ಅದು ಕಾಲುದಾರಿ. ಕಾಲುದಾರಿಗೆ ಕೆಳದಿಯವರ ರಸ್ತೆ ಅಂತ ಬೋರ್ಡು ಹಾಕಬೇಡಿ.

ಘಟ್ಟದಕೆಳಗಿನವ: ಅಲ್ವಾ! ರಸ್ತೆ ಆಗಿದ್ದು ಹೈದರನ ಕಾಲದಲ್ಲೇ.

ಮಲೆನಾಡಿಗ: ಅದನ್ನೂ ನಾನು ಹೇಳಲಿಲ್ಲ. ಟಿಪ್ಪು ಅದೇ ವರ್ಷ ನಗರ ವಾಪಸ್ ಹಿಡಿದು ಮ್ಯಾಥ್ಯೂಸ್‌ನನ್ನು ಸೆರೆ ಹಾಕಿದ. ಅವನು ಯಾವ ದಾರಿಯಲ್ಲಿ ಬಂದ ಅಂತ ಈಗ ಶುರು ಮಾಡಬೇಡಿ.

ಕೋಟೆಹುಚ್ಚ: ಶುರು ಮಾಡಿದ್ದು ನೀವು. ಕೊಲ್ಲೂರು ತಂದವರು ಯಾರು?

ಹತ್ತುಚಕ್ರ: ಮಾಸ್ತಿಕಟ್ಟೆ ಹತ್ತಿರ ಈಗ ಮಳೆ ಹೇಗಿದೆ, ಯಾರಿಗಾದರೂ ಗೊತ್ತಾ? ರಾತ್ರಿ ಲೋಡ್ ಇದೆ.