ಮದ್ರಸದಲ್ಲಿ ಅರಬಿ ಕಲಿಸಲು ಫೋನ್ ಬಳಸಿದವರಿದ್ದೀರಾ?

ಪ್ರಶ್ನೆ: ಉಳ್ಳಾಲದ ಹತ್ತಿರ ಬೆಳಗಿನ ಮದ್ರಸದಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತೇನೆ. ಮನೆಮಾತು ಬ್ಯಾರಿ. ಅರಬಿಯ ಸೀನ್, ಸ್ವಾದ್, ಸಾ ಅಕ್ಷರಗಳು ಮೂರೂ ಅವರ ಬಾಯಲ್ಲಿ ಒಂದೇ 'ಸ' ಆಗುತ್ತದೆ. ನನ್ನಲ್ಲಿರುವುದು ಒಂದು ಫೋನ್, ಸಣ್ಣ ಸ್ಪೀಕರ್. ಹೇಗೆ ಶುರು ಮಾಡಲಿ?

ಉತ್ತರ 1: ಉಸ್ತಾದರೇ, ಆ್ಯಪ್ ಆಮೇಲೆ ನೋಡಿ. ಮೊದಲು ಮಕ್ಕಳ ದನಿಯನ್ನೇ ರೆಕಾರ್ಡ್ ಮಾಡಿ ಕೇಳಿಸಿ. ನಮ್ಮಲ್ಲಿ ಒಬ್ಬಳು ತನ್ನ 'ಸ್ವಾದ್' ಕೇಳಿ ತಾನೇ ತಿದ್ದಿಕೊಂಡಳು. 'ಸಾ'ಗೆ ನಾಲಿಗೆಯ ತುದಿ ಹಲ್ಲಿನ ನಡುವೆ ಬರಬೇಕು ಅಲ್ವಾ, ಅದನ್ನು ನಿಮ್ಮದೇ ವಿಡಿಯೋದಲ್ಲಿ ನಿಧಾನವಾಗಿ ತೋರಿಸಿ.

ಉತ್ತರ 2: ಬರವಣಿಗೆ ಮಾತ್ರ ಸ್ಲೇಟಿನಲ್ಲೇ ಇರಲಿ. ಕೀಬೋರ್ಡ್ ಅಕ್ಷರಗಳನ್ನು ತಾನೇ ಜೋಡಿಸಿಬಿಡುತ್ತದೆ. ಪದದ ಮೊದಲು, ನಡುವೆ, ಕೊನೆಯಲ್ಲಿ ಅಕ್ಷರದ ರೂಪ ಬದಲಾಗುವುದು ಕೈಗೆ ಹತ್ತುವುದಿಲ್ಲ.

ಪ್ರಶ್ನೆ ಕೇಳಿದವರು: ಇವತ್ತೇ ರೆಕಾರ್ಡ್ ಮಾಡಿದೆ. ಎಲ್ಲರೂ 'ಇನ್ನೊಮ್ಮೆ ಉಸ್ತಾದ್' ಅಂತ ಸ್ಪೀಕರ್ ಸುತ್ತ ಕೂತುಬಿಟ್ಟರು!