ಹಬ್ಬಕ್ಕೆ ಒಂದು ಗಂಟೆ ಮುಂಚೆ ಹೋಗು

ಪುಟ್ಟೀ, ನಾನು ಅತ್ತೆ. ಟೈಪ್ ಮಾಡುತ್ತಾ ಕೂತರೆ ರಾತ್ರಿಯಾಗುತ್ತದೆ, ಅದಕ್ಕೆ ಮಾತಲ್ಲೇ ಹೇಳುತ್ತೇನೆ. ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ್ದನ್ನು ಎರಡು ಸಲ ಓದಿದೆ. ಅಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಕತ್ತಲು, ಕೆಲಸ ಮುಗಿಸಿ ಬಂದರೆ ಹಾಸಿಗೆ ಬಿಟ್ಟು ಏಳೋಕೆ ಮನಸ್ಸಿಲ್ಲ. ಶನಿವಾರ ನಿಮ್ಮ ಬೀದಿಯವರೆಲ್ಲ ಸೇರಿ ಚಳಿಗಾಲದ ಹಬ್ಬ ಮಾಡುತ್ತಿದ್ದಾರೆ. "ಯಾರ ಪರಿಚಯವೂ ಇಲ್ಲ, ಅದು ನಮ್ಮ ಹಬ್ಬವೂ ಅಲ್ಲ, ಹೋಗಿ ಮೂಲೇಲಿ ನಿಂತು ಬರೋದಾ?" ಅಂತ ಕೇಳಿದ್ದೀಯ. ಅದಕ್ಕೆ ನಿಮ್ಮಪ್ಪ ಒಂದು ನಗುವ ಸೂರ್ಯನ ಚಿತ್ರ ಕಳಿಸಿ ಸುಮ್ಮನಾಗಿದ್ದಾನೆ.

ಅಣ್ಣಾ, ಸೂರ್ಯನನ್ನು ಕಳಿಸೋದಾದರೆ ನಾರ್ವೆಯ ರ್ಯೂಕನ್ ಊರಿನವರ ಥರ ಕಳಿಸಬೇಕು. ಬೆಟ್ಟದ ಸಂದಿಯಲ್ಲಿರುವ ಊರು ಅದು. ಸುಮಾರು ಆರು ತಿಂಗಳು ಅಲ್ಲಿಗೆ ಬಿಸಿಲೇ ಇಳಿಯೋದಿಲ್ಲ. 2013ರಲ್ಲಿ ಬೆಟ್ಟದ ಮೇಲೆ ಮೂರು ದೊಡ್ಡ ಕನ್ನಡಿ ನಿಲ್ಲಿಸಿ ಊರ ನಡುವಿನ ಚೌಕಕ್ಕೆ ಬಿಸಿಲು ಬೀಳುವಂತೆ ಮಾಡಿದರು. ಇಡೀ ಊರಿಗಲ್ಲ, ಆ ಚೌಕಕ್ಕೆ ಮಾತ್ರ. ಬಿಸಿಲು ಬೇಕು ಅಂದರೆ ಮನೆಯಿಂದ ಎದ್ದು ನಾಲ್ಕು ಜನ ಇರುವ ಕಡೆ ಬರಲೇಬೇಕು. ನನಗೆ ತುಂಬ ಇಷ್ಟವಾಗಿದ್ದು ಆ ಭಾಗ.

ಈಗ ನಿನ್ನ ಪ್ರಶ್ನೆ. ಹೋಗು ಪುಟ್ಟೀ. ಆದರೆ ಹಬ್ಬ ನೋಡೋಕೆ ಅಂತ ಹೋಗಬೇಡ. ಒಂದು ಗಂಟೆ ಮುಂಚೆ ಹೋಗಿ, "ಏನಾದರೂ ಕೆಲಸ ಇದ್ದರೆ ಕೊಡಿ" ಅಂತ ಕೇಳು.

ಯಾಕೆ ಹೇಳುತ್ತೇನೆ ಅಂದರೆ, ನಾನೂ ಅಂಥದ್ದೇ ಚಳಿ ಊರಲ್ಲಿ ಎರಡು ವರ್ಷ ಇದ್ದವಳು. ಮೊದಲನೇ ವರ್ಷ ಇಂಥದ್ದೇ ಒಂದು ಸಮಾರಂಭಕ್ಕೆ ಹೇಳಿದ ಟೈಮಿಗೆ ಸರಿಯಾಗಿ ಹೋದೆ. ಎಲ್ಲರೂ ಆಗಲೇ ಗುಂಪು ಗುಂಪಾಗಿ ನಿಂತು ನಗುತ್ತಿದ್ದರು. ನಾನು ಗೋಡೆಯ ಮೇಲಿದ್ದ ನೋಟಿಸ್ ಓದಿದೆ. ಬೆಂಕಿ ಬಿದ್ದರೆ ಯಾವ ಬಾಗಿಲಿಂದ ಓಡಬೇಕು ಅನ್ನೋದು ಇವತ್ತಿಗೂ ನನಗೆ ಬಾಯಿಪಾಠ. ಇಪ್ಪತ್ತು ನಿಮಿಷಕ್ಕೆ ವಾಪಸ್ ಮನೆ. ಅವತ್ತು ರಾತ್ರಿ ಆದಷ್ಟು ಬೇಜಾರು, ಹೋಗದೇ ಇದ್ದಿದ್ದರೆ ಆಗುತ್ತಿರಲಿಲ್ಲ.

ಎರಡನೇ ವರ್ಷ ಟೈಮ್ ತಪ್ಪಾಗಿ ಓದಿಕೊಂಡು ಒಂದು ಗಂಟೆ ಮೊದಲೇ ಹೋಗಿಬಿಟ್ಟೆ. ಬಾಗಿಲು ತೆಗೆದ ಅಜ್ಜಿ ನನ್ನ ಹೆಸರು ಕೂಡ ಕೇಳಲಿಲ್ಲ. ಕೈಗೆ ಒಂದು ಸೀರಿಯಲ್ ಸೆಟ್ ಕೊಟ್ಟರು. ಹೋದ ವರ್ಷ ಯಾರೋ ಸುಮ್ನೆ ಮುದ್ದೆ ಮಾಡಿ ಡಬ್ಬಕ್ಕೆ ತುರುಕಿದ್ದು, ಗಂಟೋ ಗಂಟು. ಬಿಡಿಸಿ ಪ್ಲಗ್ ಹಾಕಿದರೆ ಹತ್ತಲೇ ಇಲ್ಲ. ಹಳೇ ಕಾಲದ್ದು ಅದು, ಒಂದು ಬಲ್ಬ್ ಸಡಿಲ ಆದರೂ ಇಡೀ ಸಾಲು ಆರಿಹೋಗುತ್ತದೆ. ಅಜ್ಜಿ ಆ ಕಡೆಯಿಂದ, ನಾನು ಈ ಕಡೆಯಿಂದ, ಒಂದೊಂದೇ ಬಲ್ಬ್ ಒತ್ತುತ್ತಾ ಬಂದೆವು. ಹೊರಗಿನ ಚಳಿಗೆ ನನ್ನ ಬೆರಳಿನ ತುದಿಗಳು ಮರಗಟ್ಟಿದ್ದವು, ಒತ್ತಿದ್ದೇ ಗೊತ್ತಾಗುತ್ತಿರಲಿಲ್ಲ. ಇನ್ನೇನು ಇಬ್ಬರ ಕೈಯೂ ನಡುವಲ್ಲಿ ಸೇರಬೇಕು, ಅಷ್ಟರಲ್ಲಿ ಅಷ್ಟೂ ಒಮ್ಮೆಲೇ ಹೊತ್ತಿಕೊಂಡಿತು. ಅಜ್ಜಿ ಚಿಕ್ಕ ಹುಡುಗಿ ಥರ ಮೇಜು ಬಡಿದರು. ಜನ ಬರುವ ಹೊತ್ತಿಗೆ ನಾನು ಕುರ್ಚಿ ಹತ್ತಿ ಆ ಸರ ಕಟ್ಟುತ್ತಿದ್ದೆ. ಬಂದವರು ಕೋಟು ಎಲ್ಲಿ ಹಾಕಲಿ, ಟಾಯ್ಲೆಟ್ ಎಲ್ಲಿ ಅಂತ ನನ್ನನ್ನೇ ಕೇಳುತ್ತಿದ್ದರು! ಅವತ್ತು ನನ್ನನ್ನು ಹೊಸಬಳು ಅಂತ ಯಾರೂ ನೋಡಲೇ ಇಲ್ಲ. ಎಷ್ಟು ಹೊತ್ತಿಗೆ ಮನೆಗೆ ಬಂದೆ ಅನ್ನೋದು ನಿನ್ನ ಮಾವನಿಗೆ ಇನ್ನೂ ನೆನಪಿದೆ, ಅವರನ್ನು ಕೇಳಬೇಡ.

ದೊಡ್ಡ ದೊಡ್ಡ ಚಳಿ ಹಬ್ಬಗಳೂ ಹೀಗೇ ನಡೆಯೋದು. ಸ್ಕಾಟ್ಲೆಂಡಿನ ಉತ್ತರಕ್ಕೆ ಶೆಟ್‌ಲ್ಯಾಂಡ್ ದ್ವೀಪಗಳಿವೆ, ಅಲ್ಲಿನ ಲರ್ವಿಕ್ ಊರಲ್ಲಿ ಅಪ್ ಹೆಲಿ ಆ ಅಂತ ಒಂದು ಹಬ್ಬ. ಜನವರಿಯ ಕೊನೇ ಮಂಗಳವಾರ ರಾತ್ರಿ ಸುಮಾರು ಸಾವಿರ ಜನ ವೇಷ ಹಾಕಿ, ಪಂಜು ಹಿಡಿದು ಮೆರವಣಿಗೆ ಹೋಗುತ್ತಾರೆ. ಕೊನೆಗೆ ಮರದ ಹಡಗೊಂದಕ್ಕೆ ಆ ಪಂಜುಗಳನ್ನೆಲ್ಲ ಎಸೆದು ಸುಟ್ಟುಬಿಡುತ್ತಾರೆ. ಹಡಗು ಉರಿಯೋದು ಸ್ವಲ್ಪ ಹೊತ್ತು ಅಷ್ಟೇ. ಕಟ್ಟೋಕೆ ತಿಂಗಳುಗಟ್ಟಲೆ ಹಿಡಿಯುತ್ತದೆ! ಆ ಚಳಿಗಾಲದ ಸಂಜೆಗಳಲ್ಲೆಲ್ಲ ಶೆಡ್ಡಿನಲ್ಲಿ ಸೇರಿ ಹಲಗೆ ಹೊಡೆಯುವುದು, ಬಣ್ಣ ಬಳಿಯುವುದು, ವೇಷ ಹೊಲಿಯುವುದು. ಆ ಶೆಡ್ಡೇ ನಿಜವಾದ ಹಬ್ಬ ಅಂತ ನನ್ನ ಲೆಕ್ಕ. ಮೊದಲು ಅಲ್ಲಿನ ಪಡ್ಡೆ ಹುಡುಗರು ಉರಿಯುವ ಟಾರ್ ಪೀಪಾಯಿಗಳನ್ನು ಬೀದಿಯಲ್ಲಿ ಎಳೆದುಕೊಂಡು ಹೋಗುತ್ತಿದ್ದರಂತೆ. 1874ರಲ್ಲಿ ಅದನ್ನು ನಿಲ್ಲಿಸಿದರು, ಆಮೇಲೆ ಈ ಪಂಜಿನ ಮೆರವಣಿಗೆ ಬಂತು. ಹುಡುಗಿಯರನ್ನು ಆ ಮೆರವಣಿಗೆಗೆ ಸೇರಿಸಿಕೊಂಡಿದ್ದು 2023ರಲ್ಲಿ. ಅಷ್ಟು ತಡ ಯಾಕಪ್ಪಾ ಅಂತ ನನಗೂ ಸಿಟ್ಟಿದೆ, ಇರಲಿ.

ಜಪಾನಿನ ಸಪೊರೊ ಹಿಮದ ಹಬ್ಬ ಇನ್ನೂ ಚೆಂದ. 1950ರಲ್ಲಿ ಅಲ್ಲಿನ ಶಾಲೆ ಹುಡುಗರು ಒಂದು ಪಾರ್ಕಿನಲ್ಲಿ ಆರು ಹಿಮದ ಬೊಂಬೆ ಮಾಡಿ ನಿಲ್ಲಿಸಿದರು. ಬರೀ ಆರು. ಈಗ ಅದನ್ನು ನೋಡೋಕೆ ಲಕ್ಷಗಟ್ಟಲೆ ಜನ ಹೋಗುತ್ತಾರೆ.

"ನಮ್ಮ ಹಬ್ಬ ಅಲ್ಲ" ಅಂದೆಯಲ್ಲ, ಅದು ಮನಸ್ಸಿಗೆ ಚುಚ್ಚಿತು. ಚಳಿಗಾಲದ ಎಷ್ಟೋ ಹಬ್ಬಗಳು ಶುರುವಾಗಿದ್ದೇ ಕತ್ತಲನ್ನು ಒಟ್ಟಿಗೆ ಕೂತು ಕಳೆಯೋಣ ಅಂತ. ಇರಾನಿನವರು ವರ್ಷದ ಅತಿ ಉದ್ದದ ರಾತ್ರಿಯನ್ನು ಯಲ್ದಾ ಅಂತ ಆಚರಿಸುತ್ತಾರೆ. ಮನೆಯ ಹಿರಿಯರ ಸುತ್ತ ಸೇರಿ, ಪದ್ಯ ಓದಿ, ಹರಟೆ ಹೊಡೆದು ರಾತ್ರಿ ಕಳೆಯುತ್ತಾರೆ. ಯಹೂದಿಗಳ ಹನುಕ್ಕಾದಲ್ಲಿ ಎಂಟು ರಾತ್ರಿ, ದಿನಕ್ಕೊಂದು ದೀಪ ಜಾಸ್ತಿ. ಆ ದೀಪವನ್ನು ಬಾಗಿಲ ಬಳಿಯೋ ಕಿಟಕಿಯಲ್ಲೋ ಇಡಬೇಕು ಅನ್ನೋದು ಸಂಪ್ರದಾಯ. ಯಾಕೆ ಗೊತ್ತಾ? ಬೀದಿಯಲ್ಲಿ ಹೋಗುವವರಿಗೆ ಕಾಣಲಿ ಅಂತ. ಬೀದಿಯಲ್ಲಿ ಹೋಗುವವಳು ನೀನೇ ಅಲ್ವಾ?

ಇನ್ನೊಂದು ಮಾತು, ಲೆಕ್ಕದ್ದು. ಡಿಸೆಂಬರ್ 21ರ ಸುಮಾರಿಗೆ ಹಗಲು ಅತಿ ಚಿಕ್ಕದು, ಸರಿ. ಆದರೆ ಸೂರ್ಯ ಅತಿ ಬೇಗ ಮುಳುಗುವುದು ಅವತ್ತಲ್ಲ! ನೀನಿರೋ ಕಡೆ ಅದು ಡಿಸೆಂಬರ್ ನಡುವಿಗೇ ಆಗಿಹೋಗುತ್ತದೆ. ಆಮೇಲೆ ಸಂಜೆ ದಿನಕ್ಕೆ ಒಂಚೂರು ಉದ್ದವಾಗುತ್ತದೆ, ಬೆಳಗಾಗೋದು ಮಾತ್ರ ಹೊಸ ವರ್ಷದವರೆಗೂ ತಡವಾಗುತ್ತಲೇ ಹೋಗುತ್ತದೆ. ಭೂಮಿ ಓರೆಯಾಗಿ ತಿರುಗುತ್ತದೆ, ಸೂರ್ಯನ ಸುತ್ತ ಹೋಗುವ ದಾರಿಯೂ ಪೂರ್ತಿ ದುಂಡಗಿಲ್ಲ, ಅದಕ್ಕೆ ಹೀಗೆ. ಕ್ಯಾಲೆಂಡರಿನಲ್ಲಿ ದಿನಾ ಸೂರ್ಯಾಸ್ತದ ಟೈಮ್ ಬರೆದಿಡು. ನಾನು ಹಾಗೇ ಮಾಡುತ್ತಿದ್ದೆ.

ನಿಜವಾದ ಕಷ್ಟ ಜನವರಿಯಲ್ಲಿ, ಕೇಳಿಸಿಕೋ. ಡಿಸೆಂಬರಿನಲ್ಲಿ ಎಲ್ಲರೂ ಕರೆಯುತ್ತಾರೆ. ಹೊಸ ವರ್ಷ ಕಳೆಯಿತು ಅಂದರೆ ದೀಪ ಬಿಚ್ಚಿ ಬಾಗಿಲು ಹಾಕಿಕೊಳ್ಳುತ್ತಾರೆ, ಚಳಿ ಮಾತ್ರ ಹಾಗೇ ಇರುತ್ತದೆ. ಅದಕ್ಕೆ ದೀಪ ಬಿಚ್ಚುವ ದಿನವೂ ಹೋಗು. ಕಟ್ಟೋಕೆ ಹತ್ತು ಜನ ಬಂದರೆ ಬಿಚ್ಚೋಕೆ ಮೂರೇ ಜನ ಬರೋದು. ಆ ಮೂರು ಜನರನ್ನೇ ಜನವರಿ ಕೊನೆಯಲ್ಲಿ ಒಂದು ಸಂಜೆ ನಿನ್ನ ಮನೆಗೆ ಕರಿ. ಏನೂ ಕಾರಣ ಬೇಡ. ಸರವನ್ನು ಗಂಟಾಗದ ಹಾಗೆ ರಟ್ಟಿಗೆ ಸುತ್ತಿಡು, ಮುಂದಿನ ವರ್ಷದವರು ನಿನ್ನನ್ನು ಹರಸುತ್ತಾರೆ.

ಶನಿವಾರ ನಿನಗೆ ಆಗಲೇ ಇಲ್ಲ ಅಂದರೆ ಅರ್ಧ ಗಂಟೆಗೆ ಎದ್ದು ಬಾ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಆದರೆ ಎರಡು ವಾರ ಕಳೆದರೂ ಹೀಗೇ ಇದ್ದರೆ, ಬರೀ ನಿದ್ದೆ, ಯಾವುದೂ ಬೇಡ ಅನ್ನಿಸಿದರೆ, ಹಬ್ಬ ಅದಕ್ಕೆ ಔಷಧಿಯಲ್ಲ. ಡಾಕ್ಟರ ಹತ್ತಿರ ಹೋಗು. ಚಳಿಗಾಲದಲ್ಲಿ ಬರುವ ಈ ಖಿನ್ನತೆಯನ್ನು ನಾರ್ಮನ್ ರೋಸೆಂತಾಲ್ ಅನ್ನುವ ವೈದ್ಯರು 1984ರಲ್ಲೇ ವಿವರವಾಗಿ ಬರೆದಿದ್ದಾರೆ. ಬೆಳಿಗ್ಗೆ ಅರ್ಧ ಗಂಟೆ 10,000 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ದೀಪದ ಮುಂದೆ ಕೂರುವ ಚಿಕಿತ್ಸೆಯೂ ಇದೆ. ಅದನ್ನೂ ಡಾಕ್ಟರನ್ನು ಕೇಳಿಯೇ ಮಾಡು, ಆನ್‌ಲೈನಲ್ಲಿ ಕಂಡಿದ್ದನ್ನು ತರಿಸಬೇಡ.

ಸರಿ, ಈ ಬಟನ್ ಒತ್ತಿ ಹಿಡಿದು ಹೆಬ್ಬೆರಳು ನೋಯುತ್ತಿದೆ. ಶನಿವಾರ ರಾತ್ರಿ ಏನು ಕೆಲಸ ಕೊಟ್ಟರು ಅಂತ ಹೇಳು. ಕುರ್ಚಿ ಜೋಡಿಸೋದು ಅಂದರೆ ಸೊಂಟ ನೋಡಿಕೋ. ಅಣ್ಣಾ, ನೀನು ಇನ್ನೊಂದು ಚಿತ್ರ ಕಳಿಸಬೇಡ, ಅವಳಿಗೆ ಫೋನ್ ಮಾಡು.